ಸೊಣ್ಣಮ್ಮನ ಟ್ರೇಲರಿಗೆ ನಂಬರು

ಸೊಣ್ಣಮ್ಮನನ್ನು ಮೊದಲ ಸಲ ಕಂಡಾಗ ನಾನು ಆಕೆಯನ್ನು ನಿಂಬೆಹಣ್ಣು ಮಾರುವವಳೆಂದು ತಿಳಿದೆ. ಇದರಲ್ಲಿ ನನ್ನ ಬುದ್ಧಿಯಷ್ಟೇ ಆ ಜಾಗದ ತಪ್ಪೂ ಇತ್ತು. ಆರ್.ಟಿ.ಓ. ಆಫೀಸಿನ ಮೈದಾನದ ಬಾಗಿಲಲ್ಲಿ, ಹುಣಸೆ ಮರದ ಕೆಳಗೆ, ಬುಟ್ಟಿಯಲ್ಲಿ ನಿಂಬೆಹಣ್ಣು, ಚೆಂಡುಹೂವಿನ ಹಾರ, ಒಂದು ಬೂದುಗುಂಬಳಕಾಯಿ ಇಟ್ಟುಕೊಂಡು ಕೂತ ಹೆಂಗಸನ್ನು ಇನ್ನೇನೆಂದು ತಿಳಿಯಬೇಕಿತ್ತು? ಅವತ್ತು ಅಲ್ಲಿಗೆ ಬಂದವರೆಲ್ಲ ಹೊಸ ಗಾಡಿಯವರು. ಹೊಸ ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಡಲೇಬೇಕು. ಅಂದಮೇಲೆ ಅದನ್ನು ಮಾರುವವರೂ ಇರಲೇಬೇಕು.

ನಾನೂ ಹೊಸ ಗಾಡಿಯವನೇ. ನನ್ನದು ಸ್ಕೂಟರು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಆಗ ಸ್ಕೂಟರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ನಾನು ಹೆಸರು ಬರೆಸಿದಾಗ ಬ್ರಹ್ಮಚಾರಿ. ಸ್ಕೂಟರು ಬಂದಾಗ ನನ್ನ ಮಗಳು ಒಂದನೇ ಕ್ಲಾಸಿನಲ್ಲಿದ್ದಳು. ಹಾಗಾಗಿ ಆ ಶನಿವಾರ ಬೆಳಿಗ್ಗೆ ನಾನು ಇಸ್ತ್ರಿ ಮಾಡಿದ ಅಂಗಿ, ಮದುವೆಗೆ ಹೊಲಿಸಿದ ಪ್ಯಾಂಟು ತೊಟ್ಟು, ಹಣೆಗೆ ಕುಂಕುಮವಿಟ್ಟು, ಸ್ಕೂಟರಿನ ಪಕ್ಕದಲ್ಲಿ ಅದರ ಗಂಡನ ಹಾಗೆ ನಡೆದು ಬಂದಿದ್ದೆ. ಓಡಿಸಿಕೊಂಡು ಬರುವಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ.

“ನಿಂಬೆಹಣ್ಣು ಹೇಗಮ್ಮಾ?” ಎಂದೆ, ಮಾಲೀಕನ ಗತ್ತಿನಲ್ಲಿ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಎಂಗೈತೆ ಅಂದ್ರೆ? ದುಂಡಗೈತೆ.”

“ಎರಡು ಕೊಡಿ. ಜಾಸ್ತಿ ಹೇಳಬೇಡಿ, ನಾನು ದಿನಾ ಮಾರ್ಕೆಟ್ಟಿಗೆ ಹೋಗೋನು.”

“ತಗಳಪ್ಪ,” ಎಂದು ಎರಡು ಹಣ್ಣು ಎತ್ತಿ ನನ್ನ ಕೈಗಿಟ್ಟಳು. “ಮಾರಕ್ಕೆ ತಂದಿದ್ದಲ್ಲ, ನಮ್ ಗಾಡಿಗೆ ತಂದಿದ್ದು. ನಿಂದಕ್ಕೆ ಎಷ್ಟು ಚಕ್ರ?”

“ಎರಡು.”

“ನಂದಕ್ಕೂ ಎಲ್ಡೇ. ಇಬ್ರೂ ಸಮ ಆಯ್ತು.”

ಸ್ಕೂಟರಿನ ಮಾಲೀಕನಾಗಿ ಒಂದು ದಿನವೂ ಆಗದ ನನಗೆ ಈ ಸಮಾನತೆ ಅಷ್ಟೇನೂ ರುಚಿಸಲಿಲ್ಲ. ಹಣ್ಣುಗಳನ್ನು ಪ್ಯಾಂಟಿನ ಜೇಬಿಗೆ ಸೇರಿಸಿ, “ನಿಮ್ಮ ಗಾಡಿ ಯಾವುದು?” ಎಂದು ಕೇಳಿದೆ. ಆಕೆ ಗದ್ದ ಎತ್ತಿ ಮರದ ಆ ಬದಿಗೆ ತೋರಿಸಿದಳು.

ಅಲ್ಲಿ ಹೊಚ್ಚ ಹೊಸ ಟ್ರೇಲರ್ ನಿಂತಿತ್ತು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಎರಡು ಚಕ್ರದ ಕಬ್ಬಿಣದ ಗಾಡಿ. ಮೈಗೆಲ್ಲ ಕೆಂಪು ಬಣ್ಣ, ಚಕ್ರಕ್ಕೆ ನೀಲಿ, ಮೇಲೆ ನೀರು ತುಂಬುವ ದೊಡ್ಡ ಟ್ಯಾಂಕು. ಮುಂದಿನ ಕೊಕ್ಕೆಗೆ ಮರದ ಮೂಕಿ ಕಟ್ಟಿ, ಮೂಕಿಗೆ ನೊಗ ಬಿಗಿದು, ನೊಗಕ್ಕೆ ಎರಡು ಬಿಳಿ ಎತ್ತು ಹೂಡಿದ್ದರು. ಅವು ಹುಲ್ಲು ಮೆಲುಕು ಹಾಕುತ್ತ, ಸರ್ಕಾರಿ ಕೆಲಸ ತಡವಾಗುವುದು ತಮಗೆ ಮೊದಲಿಂದಲೂ ಗೊತ್ತಿದ್ದ ಹಾಗೆ ನಿಂತಿದ್ದವು. ಪಕ್ಕದಲ್ಲಿ ಚಾವಟಿ ಹಿಡಿದ ಒಬ್ಬ ಗಂಡಸು. ಆತ ಆಕೆಯ ಗಂಡ ಚಿನ್ನಪ್ಪ. ಎತ್ತುಗಳ ಜೊತೆ ಮಾತ್ರ ಮಾತಾಡುವ ಮನುಷ್ಯ ಎಂಬುದು ನನಗೆ ಆಮೇಲೆ ತಿಳಿಯಿತು.

“ನೀನು ಆ ಹೊಸಾ ಫ್ಯಾಕ್ಟ್ರಿಯೋನಲ್ವಾ?” ಎಂದಳು ಸೊಣ್ಣಮ್ಮ. “ಗೇಟ್ ತಾವ ಟೈ ಕಟ್ಕಂಡು ಓಡಾಡ್ತಿರ್ತೀಯ.”

ಗುರುತು ಸಿಕ್ಕಿದ್ದಕ್ಕೆ ನನಗೆ ಹೆಮ್ಮೆಯಾಯಿತು. ವೈಟ್‌ಫೀಲ್ಡ್ ರಸ್ತೆಯಲ್ಲಿ, ಮಹದೇವಪುರದ ಆಚೆ, ಆಗ ತಾನೇ ಎದ್ದು ನಿಲ್ಲುತ್ತಿದ್ದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ನಾನು ಗುಮಾಸ್ತ. ಟೈ ಕಟ್ಟಬೇಕೆಂದು ಯಾರೂ ಹೇಳಿರಲಿಲ್ಲ. ಕಟ್ಟಬಾರದೆಂದೂ ಹೇಳಿರಲಿಲ್ಲ.

“ಒಳಗೋದ್ರೆ ಬಲಗಡೀಕೆ ಸಿಮೆಂಟ್ ಆಕಿ ಶೆಡ್ ಕಟ್ತಾವ್ರಲ್ಲ, ಅದು ನನ್ ವಲ,” ಎಂದಳು. “ನಮ್ಮಪ್ಪ ಕೊಟ್ಟಿದ್ದು. ಸರ್ಕಾರದೋರು ಅಳತೆ ಮಾಡಿ ನಿಮ್ಮೋರ್ಗೆ ಕೊಟ್ರು. ಬಂದ ದುಡ್ಡಿಗೆ ಪೀಣ್ಯದಾಗೆ ಈ ಗಾಡಿ ಮಾಡ್ಸಿವ್ನಿ. ವಲ ಒಳಗೋಯ್ತು. ನಾನೂ ಒಳಗೋಗ್ಬೇಕು.”

ವಿಷಯ ಇಷ್ಟು. ಆ ಶೆಡ್ಡಿನ ಕಾಂಕ್ರೀಟಿಗೆ ದಿನವಿಡೀ ನೀರು ಹಾಕಬೇಕು, ಕಾರ್ಖಾನೆಯ ಕೊಳವೆಬಾವಿಯಲ್ಲಿ ನೀರಿಲ್ಲ, ಸೊಣ್ಣಮ್ಮನ ಊರ ಬಾವಿಯಲ್ಲಿದೆ. ಸೋಮವಾರದಿಂದ ನೀರು ಹೊಡೆಯುವ ಕೆಲಸ ನಿನಗೇ ಎಂದು ಎಂಜಿನಿಯರು ಆಕೆಗೆ ಹೇಳಿದ್ದರು. ಆದರೆ ಗೇಟು ಎಂಜಿನಿಯರದಲ್ಲ. ಗೇಟು ನಮ್ಮ ಸೆಕ್ಯೂರಿಟಿ ಆಫೀಸರದು. ಮಿಲಿಟರಿಯಿಂದ ಸುಬೇದಾರರಾಗಿ ನಿವೃತ್ತರಾದವರು, ಗಡಿ ಕಾಯುವ ಅಭ್ಯಾಸದಿಂದ ಇನ್ನೂ ನಿವೃತ್ತರಾಗಿರಲಿಲ್ಲ. ನಂಬರಿಲ್ಲದ ಗಾಡಿ ಗೇಟು ದಾಟಬಾರದು ಎಂಬುದು ಅವರ ಆಜ್ಞೆ. ಕ್ಯಾಂಟೀನಿನ ಟೀ ತಳ್ಳುಗಾಡಿಗೂ ಅವರು ಒಂದು ನಂಬರು ಬರೆಸಿದ್ದರು. ಇದ್ದದ್ದು ಒಂದೇ ಗಾಡಿಯಾದ್ದರಿಂದ ಅದರ ನಂಬರೂ ಒಂದೇ. ಎತ್ತಿನ ಗಾಡಿಗಂತೂ ಪ್ರವೇಶವೇ ಇಲ್ಲ. ಸಗಣಿ ಶಿಸ್ತಿಗೆ ವಿರುದ್ಧವಂತೆ. ಸೋಮವಾರ ಬೆಳಿಗ್ಗೆ ನಂಬರಿರುವ ಟ್ರೇಲರು ಗೇಟಿಗೆ ಬರದಿದ್ದರೆ ಕೆಲಸ ಪಕ್ಕದೂರಿನ ಬೈರಪ್ಪನಿಗೆ. ಅವನ ಗಾಡಿಗೆ ಆಗಲೇ ನಂಬರಿತ್ತು.

“ಅದು ಸರಿ, ಎತ್ತು ಯಾಕೆ ಕಟ್ಟಿದಿರಿ? ನಿಮಗೆ ಟ್ರ್ಯಾಕ್ಟರ್ ಇಲ್ಲವಾ?”

“ಯಾಕಿಲ್ಲ? ನನ್ ತಮ್ಮ ನಲ್ಲಪ್ಪಂದೈತೆ. ಆದ್ರೆ ನಿಮ್ ಮೀಸೆ ಸುಬೇದಾರ್ರು ಏನಂದ್ರು? ನಂಬರಿಲ್ದಿರೋ ಟ್ರೇಲರ್ನ ಟ್ರ್ಯಾಕ್ಟರ್ಗೆ ಕಟ್ಟಿ ಒಂದೆಜ್ಜೆ ರೋಡಿಗಿಳಿಸಿದ್ರೆ ಕೇಸು ಅಂದ್ರು. ನಂಬರ್ ಇಸ್ಕೊಳಕ್ಕೆ ಇಲ್ಲಿಗೆ ಬರ್ಬೇಕು. ಇಲ್ಲಿಗೆ ಬರಕ್ಕೆ ರೋಡಿಗಿಳೀಬೇಕು. ಅದ್ಕೇ ಎತ್ತು ಕಟ್ಟಿದೆ. ಎತ್ಗೆ ಯಾವ್ ಕೇಸು?”

ಇದಕ್ಕೆ ಕಾನೂನಿನಲ್ಲಿ ಒಂದು ದಾರಿಯಿತ್ತು. ಹೊಸ ಗಾಡಿಯನ್ನು ಆಫೀಸಿನವರೆಗೆ ತರಲು ತಾತ್ಕಾಲಿಕ ನಂಬರು ಕೊಡುತ್ತಾರೆ. ಅದನ್ನು ನಾನು ಆಕೆಗೆ ವಿವರಿಸಿದೆ, ಸ್ವಲ್ಪ ಉದ್ದವಾಗಿಯೇ.

“ಪೀಣ್ಯದೋರೂ ಅಂಗೇ ಅಂದ್ರು. ಟೆಂಪರ್ವರಿ ಮಾಡ್ಸ್ಕಮ್ಮ ಅಂತ. ನಾನು ಬ್ಯಾಡ ಅಂದೆ.”

“ಯಾಕೆ?”

“ನನ್ ತಮ್ಮನ್ನ ನಿಮ್ ಫ್ಯಾಕ್ಟ್ರಿಯೋರು ಟೆಂಪರ್ವರಿ ಅಂತಾನೇ ತಗಂಡ್ರು. ಯುಗಾದಿಗೆ ತಗಂಡು ಗೌರಿ ಹಬ್ಬಕ್ಕೆ ಮನೇಗ್ ಕಳಿಸಿದ್ರು. ಟೆಂಪರ್ವರಿ ಅನ್ನೋದು ನಮ್ಮನೇಗೆ ಆಗ್ಬರಲ್ಲ. ನನ್ ಗಾಡಿಗೆ ಪರ್ಮನೆಂಟೇ ಆಗ್ಬೇಕು.”

ನಮ್ಮ ಕಡೆಯ ಹಳ್ಳಿಗಳಲ್ಲಿ ಆಗ ಈ ಎರಡು ಪದಗಳಿಗಿದ್ದ ಬೆಲೆ ಗೊತ್ತಿದ್ದವರು ನಗುವುದಿಲ್ಲ. ಹೆಣ್ಣು ಕೊಡುವಾಗಲೂ ಹುಡುಗ ಪರ್ಮನೆಂಟಾ ಎಂದು ಕೇಳಿದ ಮೇಲೆಯೇ ಜಾತಕ ಕೇಳುತ್ತಿದ್ದರು.

ಬ್ರೇಕ್ ಇನ್‌ಸ್ಪೆಕ್ಟರು ಬಂದರು. ಕಿವಿಯ ಮೇಲೆ ಪೆನ್ಸಿಲು, ಕಂಕುಳಲ್ಲಿ ಕಾಗದದ ಕಟ್ಟು, ಗಾಡಿಗಳನ್ನು ನೋಡಿ ನೋಡಿ ಮನುಷ್ಯರನ್ನು ನೋಡುವುದೇ ಬೇಡವೆನಿಸಿದ ಮುಖ. ಅವತ್ತು ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ ಇರುತ್ತೇನೆ, ಆಮೇಲೆ ಮುಂದಿನ ವಾರವೆಲ್ಲ ಹೊಸಕೋಟೆ ಕಡೆ ಕ್ಯಾಂಪು ಎಂದು ಮೊದಲೇ ಸಾರಿಬಿಟ್ಟರು. ನನ್ನ ಸ್ಕೂಟರಿನ ಸರದಿ ಬೇಗ ಬಂತು. ಛಾಸಿಯ ಮೇಲೆ ಕೊರೆದ ಅಂಕಿಗಳ ಮೇಲೆ ಕಾಗದ ಒತ್ತಿ, ಪೆನ್ಸಿಲಿನಿಂದ ಉಜ್ಜಿ, ಮೂಡಿದ ಅಚ್ಚನ್ನು ನನ್ನ ರಸೀದಿಯ ಜೊತೆ ತಾಳೆ ನೋಡಿ, “ಆಯ್ತು, ಹೋಗ್ರಿ,” ಎಂದರು. ಅಷ್ಟು ವರ್ಷ ಕಾದದ್ದಕ್ಕೆ ಇನ್ನೂ ನಾಲ್ಕು ಮಾತಾದರೂ ಬೇಕಿತ್ತೆಂದು ನನಗನಿಸಿತು. ಆಫೀಸಿನ ಕಿಟಕಿಯಲ್ಲಿ ಕೊಟ್ಟ ನಂಬರನ್ನು ಸ್ಕೂಟರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ದೂರ ನಿಂತು ಓದಿದೆ. ಹತ್ತಿರ ಬಂದು ಓದಿದೆ.

ನಾನು ಮೂರನೇ ಸಲ ಓದುತ್ತಿರುವಾಗ ಮೈದಾನದ ಮಧ್ಯದಿಂದ ಗದ್ದಲ ಕೇಳಿಸಿತು.

ಲೈಸೆನ್ಸ್ ಪರೀಕ್ಷೆಗಾಗಿ ಅಲ್ಲಿ ನೆಲದ ಮೇಲೆ ಸುಣ್ಣದಲ್ಲಿ ದೊಡ್ಡದೊಂದು ಎಂಟು ಬರೆದಿದ್ದರು. ಕಾಲು ಊರದೆ ಎಂಟು ಹಾಕಿದವರು ಪಾಸು. ಬಂದವರೆಲ್ಲ ಎಂಟು ಹಾಕುವುದನ್ನು ನೋಡುತ್ತ ನಿಂತಿದ್ದ ಚಿನ್ನಪ್ಪ, ತಮ್ಮ ಸರದಿಯೂ ಬಂತೆಂದು ತಾನೇ ತೀರ್ಮಾನಿಸಿ, ನಾಲಿಗೆಯಲ್ಲಿ ಒಂದು ಸದ್ದು ಮಾಡಿ ಎತ್ತುಗಳನ್ನು ಸುಣ್ಣದ ಗೆರೆಗೆ ತಿರುಗಿಸಿದ್ದ. ಕೆಂಪು ಟ್ರೇಲರು, ಬಿಳಿ ಎತ್ತು, ಕೊರಳ ಗೆಜ್ಜೆ. ಎಡಕ್ಕೆ ಒಂದು ಸುತ್ತು, ಬಲಕ್ಕೆ ಒಂದು ಸುತ್ತು. ಚಕ್ರ ಗೆರೆಯ ಮೇಲಿಂದ ಒಂದು ಬೆರಳೂ ಜರುಗಲಿಲ್ಲ. ಲಾರಿಯವರು ಶಿಳ್ಳೆ ಹಾಕಿದರು. ಆಗ ತಾನೇ ಎಂಟರಲ್ಲಿ ಬಿದ್ದು ಮೊಣಕಾಲು ಉಜ್ಜಿಕೊಳ್ಳುತ್ತಿದ್ದ ಒಬ್ಬ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮುಗಿಯುವ ಹೊತ್ತಿಗೆ ಬಲಗಡೆಯ ಎತ್ತು, ಎಂಟಿನ ಎರಡು ಹೊಟ್ಟೆ ಸೇರುವ ನಡುವಿನಲ್ಲಿ ಸಗಣಿ ಹಾಕಿ ರುಜು ಮಾಡಿತು.

ಹೊಸ ಕಾರಿನ ಪಕ್ಕ ನಿಂತಿದ್ದ ಸಫಾರಿ ಸೂಟಿನ ಮಹನೀಯರೊಬ್ಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, “ಇನ್‌ಸ್ಪೆಕ್ಟರ್, ಇದು ಮೋಟಾರು ಆಫೀಸೋ, ದನದ ಸಂತೆಯೋ?” ಎಂದರು.

ಇನ್‌ಸ್ಪೆಕ್ಟರು ಕಿವಿಯ ಪೆನ್ಸಿಲು ತೆಗೆದು ಚಿನ್ನಪ್ಪನತ್ತ ತೋರಿಸಿದರು. “ಎತ್ತು ಪಾಸು. ಕರ್ಕೊಂಡು ಹೋಗಪ್ಪ.”

“ಗಾಡಿ?” ಎಂದಳು ಸೊಣ್ಣಮ್ಮ, ಮುಂದೆ ಬಂದು.

“ಎತ್ತಿನ ಗಾಡಿಗೆ ನಾವು ನಂಬರ್ ಕೊಡಲ್ಲಮ್ಮ. ಪಂಚಾಯ್ತಿಗೆ ಹೋಗು.”

“ಇದು ಎತ್ತಿನ ಗಾಡಿಯಲ್ಲ ಸಾಮಿ, ಟ್ರೇಲರು.”

“ನನ್ನ ಕಣ್ಣಿಗೆ ಎರಡು ಎತ್ತು ಕಾಣಿಸ್ತಿವೆ.”

“ಬಿಚ್ಚಿಬಿಡ್ತೀವಿ.”

“ಬಿಚ್ಚಿದ್ರೆ ಅದು ನಿಂತಿರೋ ಕಬ್ಬಿಣ. ಟ್ರ್ಯಾಕ್ಟರ್‌ಗೆ ಕಟ್ಟಿ ತೋರ್ಸು. ಎಳೆಯುತ್ತೋ ಇಲ್ಲವೋ, ಕೊಕ್ಕೆ ಕೂರುತ್ತೋ ಇಲ್ಲವೋ, ಹಿಂದೆ ದೀಪ ಹತ್ತುತ್ತೋ ಇಲ್ಲವೋ ನಾನು ನೋಡ್ಬೇಕು. ಒಂದು ಗಂಟೆ ಹೊಡೆಯೋದರೊಳಗೆ ತಂದ್ರೆ ಇವತ್ತು. ಇಲ್ಲಾಂದ್ರೆ ಮುಂದಿನ ಶನಿವಾರದ ಮೇಲೆ.”

ಸೋಮವಾರದ ವಿಷಯ ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು, ಸೊಣ್ಣಮ್ಮ ಗುಟ್ಟು ಇಟ್ಟುಕೊಳ್ಳುವ ಹೆಂಗಸಲ್ಲ. ನಲ್ಲಪ್ಪ ಎಲ್ಲಿದ್ದಾನೆಂದು ಯಾರೋ ಕೇಳಿದರು. ಹೂಡಿ ಊರಿನ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಇಟ್ಟಿಗೆ ಸಾಗಿಸುತ್ತಿದ್ದಾನೆ ಎಂದಳು. ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಸಂಜೆಯಾಗುತ್ತದೆ ಎಂದು ಒಬ್ಬ ಲಾರಿಯವನು ಹೇಳಿದ. ಯಾಕೋ ಗೊತ್ತಿಲ್ಲ, ಎಲ್ಲರೂ ನನ್ನ ಸ್ಕೂಟರಿನ ಕಡೆ ನೋಡಿದರು. ನಾನೂ ನೋಡಿದೆ, ಬೇರೆ ಯಾರದೋ ಇರಬಹುದೆಂಬ ಆಸೆಯಿಂದ.

ನಾನು ಬರುತ್ತೇನೆಂದು ಹೇಳಲಿಲ್ಲ. ಸೊಣ್ಣಮ್ಮ ಬಾ ಎಂದು ಕೇಳಲೂ ಇಲ್ಲ. ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಸೀಟಿನ ಮೇಲೆ ಒಂದು ಪಕ್ಕಕ್ಕೆ ಕೂತು, “ನಡಿಯಪ್ಪ,” ಎಂದಳು. ಆ ಸೀಟಿನ ಮೇಲೆ ಮೊದಲು ನನ್ನ ಹೆಂಡತಿಯನ್ನು ಕೂರಿಸಿ ಗವಿಗಂಗಾಧರನ ಗುಡಿಗೆ ಹೋಗುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಈ ಸಂಗತಿ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಇದು ಅಚ್ಚಾದ ಮೇಲೆ ನಮ್ಮ ಮನೆಗೆ ಬರುವ ಪ್ರತಿಯನ್ನು ಏನು ಮಾಡಬೇಕೆಂದು ಯೋಚಿಸುತ್ತಿದ್ದೇನೆ.

ಹಳೇ ಮದ್ರಾಸು ರಸ್ತೆಗೆ ಬಿದ್ದೆವು. ಆಗೆಲ್ಲ ಆ ರಸ್ತೆಯ ಎರಡೂ ಕಡೆ ಸಾಲುಮರ, ನಡುವೆ ಲಾರಿಗಳು, ಅಂಚಿನಲ್ಲಿ ನನ್ನಂಥವರು. ನಾನು ಸ್ಕೂಟರನ್ನು ಕಲಿತದ್ದು ನಮ್ಮ ಬಡಾವಣೆಯ ಆಟದ ಬಯಲಿನಲ್ಲಿ, ಎದುರಿಗೆ ಯಾರೂ ಇಲ್ಲದಾಗ. ಇಲ್ಲಿ ಎದುರಿಗೆ ಎಲ್ಲರೂ ಇದ್ದರು. ಸೊಣ್ಣಮ್ಮ ನನ್ನ ಅಂಗಿಯ ಕಾಲರನ್ನು ಎತ್ತಿನ ಹಗ್ಗದ ಹಾಗೆ ಹಿಡಿದುಕೊಂಡಿದ್ದಳು. ಎಡಕ್ಕೆ ಹೋಗಬೇಕಾದರೆ ಎಡಕ್ಕೆ ಎಳೆಯುತ್ತಿದ್ದಳು.

“ಸ್ವಲ್ಪ ಜೋರಾಗಿ ಓಗಪ್ಪ.”

“ಹೊಸ ಇಂಜಿನ್ನು ಅಮ್ಮ. ಮೊದಮೊದಲು ನಿಧಾನವಾಗಿ ಓಡಿಸಬೇಕು ಅಂತ ಕಂಪನಿಯೋರು ಹೇಳಿದ್ದಾರೆ.”

“ನಮ್ ಎತ್ಗೂ ಈಗ ತಾನೇ ಲಾಳ ಕಟ್ಸಿರೋದು. ಇದ್ಕಿಂತ ಜೋರಾಗಿ ಬಂದ್ವು.”

ಆ ಮಾತು ನನ್ನ ಇಂಜಿನ್ನಿಗೆ ತಾಗಿತೋ ನನಗೆ ತಾಗಿತೋ, ಸ್ಕೂಟರು ಒಮ್ಮೆ ಕೆಮ್ಮಿ ನೆಗೆಯಿತು. ಗಾಳಿ ಕಿವಿಯೊಳಗೆ ಹೊಕ್ಕಿತು. ಒಂದು ಸೈಕಲ್ಲನ್ನು ಹಿಂದೆ ಹಾಕಿದೆವು. ಇನ್ನೊಂದನ್ನೂ ಹಾಕಿದೆವು. ಹಿಂದಿನಿಂದ ಸೊಣ್ಣಮ್ಮ ಬಾಯಿ ತುಂಬ ನಗುತ್ತಿದ್ದಳು. ನಿಜ ಹೇಳಬೇಕೆಂದರೆ ನಾನೂ ನಗುತ್ತಿದ್ದೆ. ಟಿನ್ ಫ್ಯಾಕ್ಟರಿ ದಾಟಿದಾಗ ನನಗೆ ಭಯವೆನ್ನುವುದೇ ಮರೆತುಹೋಗಿತ್ತು. ಅದನ್ನು ನೆನಪಿಸಲೋ ಎಂಬಂತೆ ಮುಂದೆ ರೈಲ್ವೆ ಗೇಟು ಹಾಕಿತ್ತು.

ಗೇಟಿನ ಈಚೆ ಸಾಲು, ಆಚೆ ಸಾಲು. ಗೂಡ್ಸ್ ರೈಲು ದೂರದಲ್ಲಿ ಕೂಗುತ್ತ ನಿಂತಿತ್ತು. ಬರುವ ಮನಸ್ಸಿದ್ದಂತೆ ಕಾಣಲಿಲ್ಲ. ಸೊಣ್ಣಮ್ಮ ಸೀಟಿನ ಮೇಲೆಯೇ ಎದ್ದು ನಿಂತು ಆಚೆ ನೋಡಿ, ನನ್ನ ಭುಜಕ್ಕೆ ಗುದ್ದಿದಳು.

“ಅಗಾ, ನಲ್ಲಪ್ಪ.”

ಆಚೆಯ ಸಾಲಿನಲ್ಲಿ, ಲಾರಿಗಳ ಹಿಂದೆ, ಇಟ್ಟಿಗೆ ತುಂಬಿದ ಯಾರದೋ ಟ್ರೇಲರು ಕಟ್ಟಿಕೊಂಡು ನೀಲಿ ಟ್ರ್ಯಾಕ್ಟರೊಂದು ನಿಂತಿತ್ತು. ಗೇಟು ತೆಗೆಯುವುದು ತಡವೆಂದು ಅದರ ಮೇಲಿದ್ದವನು ಗಾಡಿಯನ್ನು ಪಕ್ಕದ ಮಣ್ಣು ರಸ್ತೆಗೆ ತಿರುಗಿಸುತ್ತಿದ್ದ. ತಿರುಗಿಸಿದರೆ ಮತ್ತೆ ಸಿಗುವುದಿಲ್ಲ. ಸೊಣ್ಣಮ್ಮ ಧುಮುಕಿ, ಗೇಟಿನ ಅಡ್ಡಕಂಬದ ಕೆಳಗೆ ತಲೆ ತೂರಿಸಿದಳು.

“ಅಮ್ಮಾ, ಗೇಟು ಹಾಕಿದೆ, ದಾಟಬಾರದು,” ಎಂದು ನಾನು ಕೂಗಿದೆ. “ಅದು ಕಾನೂನು.”

ಆಕೆ ಕಂಬದ ಕೆಳಗಿನಿಂದಲೇ ತಿರುಗಿ ನೋಡಿದಳು. “ಇದು ರೈಲಿನೋರ್ದು ಕಣಪ್ಪ. ನಂಬರ್ ಕೊಡೋರು ಇವ್ರಲ್ವಲ್ಲ.”

ಒಂದು ಕಾನೂನು ಮುರಿಯಬಾರದೆಂದು ಬೆಳಗಿನ ಜಾವದಿಂದ ಎತ್ತು ಹೊಡೆಸಿಕೊಂಡು ಬಂದ ಹೆಂಗಸು, ಇನ್ನೊಂದರ ಕೆಳಗೆ ಹೀಗೆ ನುಸುಳಿ ಹಳಿ ದಾಟಿ ಓಡಿದಳು. “ಲೇ ನಲ್ಲಾ, ನಿಲ್ಸೋ. ನಿಲ್ಸೋ ಮೂದೇವಿ,” ಎಂಬ ಕೂಗು ಎರಡೂ ಸಾಲಿನ ಹಾರನ್ನುಗಳಿಗಿಂತ ಮೇಲೆ ಕೇಳಿಸಿತು. ಟ್ರ್ಯಾಕ್ಟರು ನಿಂತಿತು. ಅಷ್ಟರಲ್ಲಿ ಗೂಡ್ಸ್ ರೈಲಿಗೆ ಮನಸ್ಸು ಬಂತು. ಒಂದೊಂದೇ ಡಬ್ಬಿ ನಡುವೆ ಹಾಯುವಾಗ, ಸಂದಿನಲ್ಲಿ ನನಗೆ ಆ ಕಡೆಯ ಚಿತ್ರ ತುಂಡುತುಂಡಾಗಿ ಕಂಡಿತು: ಅಕ್ಕ ಕೈ ಬೀಸುತ್ತಿದ್ದಾಳೆ. ತಮ್ಮ ಇಟ್ಟಿಗೆ ತೋರಿಸುತ್ತಿದ್ದಾನೆ. ಅಕ್ಕ ಬಗ್ಗಿದ್ದಾಳೆ. ತಮ್ಮ ತಲೆಯ ಮೇಲೆ ಕೈ ಹೊತ್ತಿದ್ದಾನೆ. ಕೊನೆಯ ಡಬ್ಬಿ ಹೋದಾಗ ಇಟ್ಟಿಗೆಯ ಟ್ರೇಲರು ಟೀ ಅಂಗಡಿಯ ಪಕ್ಕ ಒಂಟಿಯಾಗಿ ನಿಂತಿತ್ತು. ಟ್ರ್ಯಾಕ್ಟರು ಬರಿಮೈಯಲ್ಲಿ ಗೇಟಿನ ಮುಂದಿತ್ತು. ಸೊಣ್ಣಮ್ಮ ಅದರ ಮಡ್‌ಗಾರ್ಡಿನ ಮೇಲೆ ಕೂತಿದ್ದಳು.

“ಇಟ್ಟಿಗೆಯೋನು ನನ್ನ ಕೊಂದಾಕ್ತಾನೆ ಅಕ್ಕ,” ಎನ್ನುತ್ತಿದ್ದ ನಲ್ಲಪ್ಪ.

“ಸೋಮ್ವಾರ ಕೊಲ್ಲಲಿ. ಇವತ್ತು ನಡಿ.”

ಗೇಟು ಎತ್ತಿದ ಕೂಡಲೇ ಟ್ರ್ಯಾಕ್ಟರು ನನ್ನ ಪಕ್ಕದಿಂದ ಗುಡುಗುತ್ತ ಹೋಯಿತು. ನಾನು ಸ್ಕೂಟರು ತಿರುಗಿಸಿ, ಮೂರು ಸಲ ಒದ್ದು, ಅದರ ಹೊಗೆಯಲ್ಲಿ ಹಿಂಬಾಲಿಸಿದೆ. ಮೈದಾನಕ್ಕೆ ತಲುಪಿದಾಗ ನನ್ನ ಇಸ್ತ್ರಿ ಅಂಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಇನ್‌ಸ್ಪೆಕ್ಟರು ಎದ್ದು ನಿಂತಿದ್ದರು. ಕಾಗದದ ಕಟ್ಟು ಕಂಕುಳಿಗೆ ಸೇರಿತ್ತು. ಲಾರಿಯವರು ಬಾಗಿಲಿನ ಹತ್ತಿರ ಗುಂಪಾಗಿ ನಿಂತು, ಅವರಿಗೆ ದಾರಿ ಬಿಡುವ ನೆಪದಲ್ಲಿ ದಾರಿ ಬಿಡದೆ ಏನೇನೋ ಕೇಳುತ್ತಿದ್ದರು. ಚಿನ್ನಪ್ಪ ಆಗಲೇ ಎತ್ತುಗಳನ್ನು ಬಿಚ್ಚಿ, ಮೂಕಿ ತೆಗೆದು, ಟ್ರೇಲರನ್ನು ಕಲ್ಲಿನ ಆಸರೆಯ ಮೇಲೆ ಸಮನಾಗಿ ನಿಲ್ಲಿಸಿದ್ದ. ನಲ್ಲಪ್ಪ ಹಿಂದಕ್ಕೆ ಬಂದ. ನಾಲ್ಕು ಜನ ಎತ್ತಿ ಹಿಡಿದರು. ಕೊಕ್ಕೆ ಕೂತಿತು, ಪಿನ್ನು ಬಿತ್ತು, ಟ್ರೇಲರು ಒಮ್ಮೆ ಜಗ್ಗಿ ಟ್ರ್ಯಾಕ್ಟರಿನ ಹಿಂದೆ ಹೊರಟಿತು. ಹಿಂದಿನ ದೀಪ ಹತ್ತಿತು. ಬ್ರೇಕು ಹಿಡಿಯಿತು. ಮೈದಾನದಲ್ಲಿ ಯಾರೋ ತೇರು ನೋಡಿದವರ ಹಾಗೆ ಕೈ ಮುಗಿದರು.

“ಛಾಸಿ ನಂಬರ್ ಎಲ್ಲಿ?” ಎಂದರು ಇನ್‌ಸ್ಪೆಕ್ಟರು.

ಮುಂದಿನ ಕಬ್ಬಿಣದ ಪಟ್ಟಿಯ ಮೇಲೆ, ಪೀಣ್ಯದವರು ಅಂಕಿ ಒತ್ತಿದ್ದ ಜಾಗದಲ್ಲಿ, ಅರಿಸಿನ ಮತ್ತು ಕುಂಕುಮದ ಗಟ್ಟಿ ಹೆಪ್ಪು. ಗಾಡಿ ಮನೆಗೆ ಬಂದ ದಿನದಿಂದ ಸೊಣ್ಣಮ್ಮ ಅದಕ್ಕೆ ದಿನವೂ ಬೆಳಿಗ್ಗೆ ಎಣ್ಣೆ ಸವರಿ, ಅರಿಸಿನ ಬಳಿದು, ಕುಂಕುಮ ಇಟ್ಟು ಕೈ ಮುಗಿದಿದ್ದಳು. ಒಂದೊಂದು ಪದರವೂ ಒಣಗಿ ಕಲ್ಲಾಗಿತ್ತು.

“ಬರಿ ಕಬ್ಬಿಣ ಎಲ್ಲಾ ಒಂದೇ ಅಲ್ವಾ ಸಾಮಿ,” ಎಂದಳು. “ಅಂಕಿ ಇರೋ ತಾವೇ ಅದ್ರ ಮುಖ ಅನ್ನಿಸ್ತು. ಅಲ್ಲೇ ಇಟ್ಟೆ.”

“ನನಗೆ ಅಚ್ಚು ಬೇಕಮ್ಮ. ಅಚ್ಚು ಇಲ್ಲದೆ ನಂಬರಿಲ್ಲ.” ಗಡಿಯಾರ ನೋಡಿಕೊಂಡರು. “ಕೆರೆಯಬೇಡಿ, ಅಂಕಿ ಹೋದ್ರೆ ಗಾಡಿಯೇ ಹೋಯ್ತು.”

ಸೊಣ್ಣಮ್ಮ ಬುಟ್ಟಿಯಿಂದ ನಿಂಬೆಹಣ್ಣು ತೆಗೆದು ಹಲ್ಲಿನಲ್ಲಿ ಕಚ್ಚಿ ಹೋಳು ಮಾಡಿದಳು. ತಾಮ್ರದ ಬಿಂದಿಗೆ ಉಜ್ಜುವ ಹಾಗೆ ಉಜ್ಜತೊಡಗಿದಳು. ಹಳದಿ ನೊರೆ ಮೊಣಕೈವರೆಗೂ ಇಳಿಯಿತು. ಒಂದು ಹಣ್ಣು ಮುಗಿಯಿತು. ಇನ್ನೊಂದೂ ಮುಗಿಯಿತು, ಬುಟ್ಟಿಯಲ್ಲಿದ್ದದ್ದು ಅಷ್ಟೇ. ಮೊದಲ ಎರಡು ಅಂಕಿ ಕಂಡವು, ಉಳಿದವು ಕಾಣಲಿಲ್ಲ. ಆಕೆ ತಲೆಯೆತ್ತದೆ ನನ್ನ ಕಡೆ ಕೈ ಚಾಚಿದಳು.

“ಕೊಡಪ್ಪ.”

“ಏನು?”

“ನಂದು ಎಲ್ಡು ಐತಲ್ಲ ನಿನ್ ಜೇಬಲ್ಲಿ.”

ನನ್ನ ಸ್ಕೂಟರು ಇನ್ನೂ ನಿಂಬೆಹಣ್ಣಿನ ಮೇಲೆ ಹಾಯದೆ ಅಷ್ಟೆಲ್ಲ ಓಡಿತ್ತೆಂಬುದು ನನಗೆ ಆಗ ಹೊಳೆಯಿತು. ತೆಗೆದು ಕೊಟ್ಟೆ. ಸ್ಕೂಟರಿನ ಕುಲುಕಾಟದಲ್ಲಿ ಅವು ಚೆನ್ನಾಗಿ ಮೆತ್ತಗಾಗಿದ್ದವು, ರಸ ಧಾರಾಳವಾಗಿ ಬಂತು. ನನ್ನ ಮದುವೆಯ ಪ್ಯಾಂಟಿನ ಜೇಬಿನಲ್ಲೂ ಬಂದಿತ್ತು. ಅಂಕಿಗಳು ಒಂದೊಂದಾಗಿ ಹೊರಬಂದವು. ಸುತ್ತ ನಿಂತವರು ಕೂಗಿ ಓದಿದರು, ತಂಬೋಲಾ ಆಟದಲ್ಲಿ ನಂಬರು ಕೂಗುವವರ ಹಾಗೆ. ಇನ್‌ಸ್ಪೆಕ್ಟರು ಕಾಗದ ಒತ್ತಿ ಪೆನ್ಸಿಲು ಉಜ್ಜಿದರು. ಅಚ್ಚು ನಿಚ್ಚಳವಾಗಿ ಮೂಡಿತು, ಒಂದಿಷ್ಟು ಹಳದಿ ಬಣ್ಣದೊಂದಿಗೆ.

“ಮಾಲೀಕ ಯಾರು?”

ಎಲ್ಲರೂ ಚಿನ್ನಪ್ಪನನ್ನು ನೋಡಿದರು. ಚಿನ್ನಪ್ಪ ಚಾವಟಿಯ ತುದಿಯಿಂದ ಹೆಂಡತಿಯನ್ನು ತೋರಿಸಿದ.

“ಹೆಬ್ಬೆಟ್ಟು ಒತ್ತಮ್ಮ.”

ಒತ್ತಿದಳು. ಉಳಿದ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುವ ಬದಲು ಟ್ರೇಲರಿನ ಕೆಂಪು ಮೈಗೆ ಒತ್ತಿದಳು. ಆ ಗುರುತು ಬಹಳ ದಿನ ಇತ್ತು.

ಚಕ್ರದ ಕೆಳಗೆ ಇಡಲು ನಿಂಬೆಹಣ್ಣು ಉಳಿದಿರಲಿಲ್ಲ. ಆಗ ಸಫಾರಿ ಸೂಟಿನವರು ತಮ್ಮ ಕಾರಿನ ಬಾಗಿಲು ತೆರೆದು ಒಂದು ಚೀಲ ತಂದರು. “ನನ್ನ ಹೆಂಡತಿ ಒಂದು ಡಜನ್ ಕಳಿಸಿದ್ದಾಳೆ,” ಎಂದರು, ಯಾರ ಮುಖವನ್ನೂ ನೋಡದೆ. “ಕಾರಿಗೆ ನಾಲ್ಕೇ ಚಕ್ರ.” ಎರಡು ಟ್ರೇಲರಿಗೆ, ಎರಡು ನನ್ನ ಸ್ಕೂಟರಿಗೆ. ಬೂದುಗುಂಬಳ ಒಡೆದದ್ದು ಚಿನ್ನಪ್ಪ. ಒಂದು ಹೋಳು ಎಂಟಿನೊಳಗೆ ಹೋಗಿ ಬಿತ್ತು. ನಲ್ಲಪ್ಪ ಟ್ರೇಲರು ಎಳೆದುಕೊಂಡು ಬಾಗಿಲು ದಾಟಿದ. ಹಿಂದೆ, ಬರಿಗಾಡಿಯ ಭಾರವೂ ಇಲ್ಲದೆ, ಪಾಸಾದ ಎತ್ತುಗಳು ನಡೆದವು.

ಸೋಮವಾರ ನಾನು ಬೇಗ ಗೇಟಿಗೆ ಹೋದೆ. ನಮ್ಮ ಕಾರ್ಖಾನೆಗೆ ಆಗ ಒಂದು ಪತ್ರಿಕೆಯಿತ್ತು. ಅದಕ್ಕೆ ನಾನೇ ಸಂಪಾದಕ, ನಾನೇ ವರದಿಗಾರ, ಬಹುಮಟ್ಟಿಗೆ ನಾನೇ ಓದುಗ. ಈ ಸಂದರ್ಭಕ್ಕೆ ತಕ್ಕ ಒಂದು ಪ್ರಶ್ನೆಯನ್ನು ಭಾನುವಾರವೆಲ್ಲ ಕೂತು ತಿದ್ದಿಕೊಂಡಿದ್ದೆ. ಬೈರಪ್ಪನೂ ತನ್ನ ಗಾಡಿ ಸಮೇತ ರಸ್ತೆಯ ಆಚೆ ಬಂದು ನಿಂತಿದ್ದ, ಏನಾದರೂ ತಪ್ಪಿದರೆ ಇರಲಿ ಎಂದು.

ಕೆಂಪು ಟ್ರೇಲರು ಬಂತು. ಟ್ಯಾಂಕು ತುಂಬ ನೀರು, ಮುಚ್ಚಳದ ಸಂದಿನಿಂದ ತುಳುಕುತ್ತಿತ್ತು. ಸೊಣ್ಣಮ್ಮ ಟ್ಯಾಂಕಿನ ಪಕ್ಕ ನಿಂತಿದ್ದಳು. ಸುಬೇದಾರರು ಕೈ ಎತ್ತಿ ನಿಲ್ಲಿಸಿ, ಹಿಂದೆ ಹೋಗಿ, ನಂಬರಿನ ಹಲಗೆಯನ್ನು ಬಗ್ಗಿ ಓದಿದರು. ನಂಬಿಕೆ ಸಾಲದೆ ಬೆರಳಿನಿಂದ ಮುಟ್ಟಿದರು. ಬಣ್ಣ ಇನ್ನೂ ಹಸಿಯಾಗಿತ್ತು. ಬೆಳ್ಳಗಾದ ಬೆರಳನ್ನು ಏನು ಮಾಡಬೇಕೆಂದು ತಿಳಿಯದೆ ಅದನ್ನೇ ಮೇಲೆತ್ತಿ, “ಗೇಟ್ ಖೋಲೋ,” ಎಂದರು. ಕಬ್ಬಿಣದ ಬಾಗಿಲು ಎರಡೂ ಕಡೆಗೆ ಸರಿಯಿತು. ರಸ್ತೆಯಾಚೆ ಬೈರಪ್ಪ ಗಾಡಿ ತಿರುಗಿಸಿದ.

ನಾನು ಪುಸ್ತಕ, ಪೆನ್ನು ಹಿಡಿದು ಟ್ರೇಲರಿಗೆ ಅಡ್ಡ ನಿಂತೆ.

“ಸೊಣ್ಣಮ್ಮನವರೇ, ನಮ್ಮ ಪತ್ರಿಕೆಗೆ ಒಂದು ಮಾತು. ಈ ಜಾಗಕ್ಕೆ ಮೊಟ್ಟಮೊದಲು ಕಾಲಿಡುವಾಗ ನಿಮಗೆ ಏನನ್ನಿಸುತ್ತೆ?”

“ಮ್ವದಲು ಕಾಲಿಟ್ಟಾಗ ನಿಮ್ ಗೇಟೇ ಇರ್ಲಿಲ್ಲ ಕಣಪ್ಪ, ರಾಗಿ ಇತ್ತು. ಪಕ್ಕಕ್ಕೆ ನಿಂತ್ಕೊ, ನೀರು ಚೆಲ್ತೈತೆ.”